ವಿಶೇಷ ಶಿಕ್ಷಕರ ಹಂಚಿಕೆ (ಯಾದಗಿರಿ, ಶಹಾಪುರ, ಸುರಪುರ)

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಸಾಮಾನ್ಯ ಶಾಲೆಗಳಲ್ಲೇ ಕಲಿಸಲು ತರಬೇತಾದ ಶಿಕ್ಷಕರನ್ನು ಒದಗಿಸುವ ವ್ಯವಸ್ಥೆ. ಐರ್ಲೆಂಡಿನಲ್ಲಿ ಇಂಥ ಬೋಧನೆಯ ಗಂಟೆಗಳನ್ನು ಶಾಲೆವಾರು ನಿಗದಿ ಮಾಡುತ್ತಾರೆ. ಕರ್ನಾಟಕದಲ್ಲಿ ಶಿಕ್ಷಕರನ್ನು ಬ್ಲಾಕಿಗೆ ಕೊಡಲಾಗುತ್ತದೆ. ಒಂದು ಶಾಲೆಗೆ ಎಷ್ಟು ಹೊತ್ತು ಸಿಗುತ್ತದೆಂಬುದು ಆ ಶಿಕ್ಷಕರ ಸುತ್ತಾಟದ ಮೇಲೆ ನಿಂತಿದೆ.

ಕೇಂದ್ರದ ಸಮನ್ವಯ ಶಿಕ್ಷಣ ಯೋಜನೆ 1974ರಲ್ಲಿ ಆರಂಭವಾಯಿತು. 1995ರ ಅಂಗವಿಕಲರ ಕಾಯಿದೆ, 2001ರ ಸರ್ವ ಶಿಕ್ಷಣ ಅಭಿಯಾನ ಅದರ ನಂತರ ಬಂದವು. ಆಗ ಈ ಮೂರು ತಾಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಮುಂದೆ ಗುರುಮಠಕಲ್, ವಡಗೇರಾ, ಹುಣಸಗಿ ಹೊಸ ತಾಲೂಕುಗಳಾದರೂ ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ಬ್ಲಾಕುಗಳೇ ಆಧಾರವಾಗಿ ಉಳಿದವು.

ಅಭಿಯಾನದಡಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿಗೆ ಬಂದ ವಿಶೇಷ ಶಿಕ್ಷಕರನ್ನು ಬಿಐಇಆರ್‌ಟಿ (ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು) ಎನ್ನುತ್ತಾರೆ. ಶಾಲೆ ಭೇಟಿ, ಮಕ್ಕಳನ್ನು ಗುರುತಿಸುವುದು, ವೈದ್ಯಕೀಯ ತಪಾಸಣೆ ಶಿಬಿರ, ಸಾಧನ ಸಲಕರಣೆ ವಿತರಣೆ, ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣ ಎಲ್ಲವೂ ಇವರ ಪಾಲಿನವು. ತೀವ್ರ ಅಥವಾ ಬಹುವಿಧ ವೈಕಲ್ಯವುಳ್ಳ ಮಗು ಮನೆಯಲ್ಲೇ ಕಲಿಯುವ ಆಯ್ಕೆಗೆ ಶಿಕ್ಷಣ ಹಕ್ಕು ಕಾಯಿದೆಯ 2012ರ ತಿದ್ದುಪಡಿಯಿಂದ ಕಾನೂನಿನ ಬಲ ಬಂತು. ಹಕ್ಕು ಹಿಗ್ಗಿದಷ್ಟೂ ಅದೇ ಶಿಕ್ಷಕರ ಹೊತ್ತು ಹೆಚ್ಚು ತುಂಡಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 7 ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿದ್ದು ಈ ಒತ್ತಡವನ್ನು ಮತ್ತಷ್ಟು ಹೆಚ್ಚಿಸುವಂಥದ್ದು.

ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರೆಂಬ ಅನುಪಾತದ ವಿಷಯದಲ್ಲಿ ದಾಖಲೆಗಳು ಒಂದೇ ಮಾತು ಹೇಳುವುದಿಲ್ಲ. 1992ರಲ್ಲಿ ಪರಿಷ್ಕೃತವಾದ ಸಮನ್ವಯ ಯೋಜನೆ 8 ಮಕ್ಕಳಿಗೆ ಒಬ್ಬರು ಎಂದಿತು; 2009ರ ಪ್ರೌಢ ಹಂತದ ಯೋಜನೆ 5ಕ್ಕೆ ಒಬ್ಬರು ಎಂದಿತು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ಸುಪ್ರೀಂ ಕೋರ್ಟು ತಾತ್ಕಾಲಿಕವಾಗಿ ವೈಕಲ್ಯಕ್ಕೆ ತಕ್ಕ ಅಳತೆ ಕೊಟ್ಟಿತು: ಸೆರೆಬ್ರಲ್ ಪಾಲ್ಸಿ ಇರುವ 8 ಮಕ್ಕಳಿಗೆ, ಬೌದ್ಧಿಕ ವೈಕಲ್ಯ ಅಥವಾ ಆಟಿಸಂ ಇರುವ 5 ಮಕ್ಕಳಿಗೆ, ಕಿವುಡು ಕುರುಡು ಎರಡೂ ಇರುವ 2 ಮಕ್ಕಳಿಗೆ ಒಬ್ಬರಂತೆ. ಶಿಕ್ಷಕರು ಸಾಕಷ್ಟು ಸಿಗುವವರೆಗೆ ಅವರು ಕ್ಲಸ್ಟರಿನ (ಹತ್ತಿರದ ಶಾಲೆಗಳ ಗುಂಪಿನ) ಶಾಲೆಗಳನ್ನು ಸುತ್ತಿ ಕಲಿಸಬಹುದೆಂದೂ ಹೇಳಿತು. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಅಧಿಸೂಚಿಸಿದ್ದು ಬೇರೆಯೇ ಅಳತೆ: ಪ್ರಾಥಮಿಕಕ್ಕೆ 10:1, ಹಿರಿಯ ಪ್ರಾಥಮಿಕಕ್ಕೆ 15:1. ವೈಕಲ್ಯದ ಬಗೆ ಈ ಲೆಕ್ಕದಿಂದ ಬಿಟ್ಟುಹೋಯಿತು. ಮಾತು ಕಲಿಯಬೇಕಾದ ಮಗುವಿಗೂ ಬ್ರೈಲ್ ಕಲಿಯಬೇಕಾದ ಮಗುವಿಗೂ ಒಂದೇ ಅಳತೆ ಸಾಲದು. ಈ ದೃಷ್ಟಿಯಿಂದ 2021ರ ಆದೇಶವೇ ಹೆಚ್ಚು ವಿವೇಕದ್ದು.

ಇನ್ನು ಅಧಿಸೂಚನೆಯ ಆ 10 ಮಕ್ಕಳನ್ನು ಶಾಲೆಯಲ್ಲಿ ಎಣಿಸಬೇಕೋ, ಕ್ಲಸ್ಟರಿನಲ್ಲೋ, ಬ್ಲಾಕಿನಲ್ಲೋ ಎಂಬುದರಿಂದ ಫಲಿತಾಂಶವೇ ಬದಲಾಗುತ್ತದೆ. ಇಂಥ ಇಬ್ಬರು ಮೂವರು ಮಕ್ಕಳಿರುವ ಹಳ್ಳಿಶಾಲೆ ಶಾಲೆವಾರು ಎಣಿಕೆಯಲ್ಲಿ ಎಂದೂ ಹುದ್ದೆಗೆ ಅರ್ಹವಾಗದು. ಬ್ಲಾಕುವಾರು ಎಣಿಕೆಯಲ್ಲಿ ಹುದ್ದೆ ಹುಟ್ಟುತ್ತದೆ, ಆದರೆ ಶಿಕ್ಷಕರ ದಿನದ ಒಂದು ಪಾಲು ಪ್ರಯಾಣಕ್ಕೆ ಹೋಗುತ್ತದೆ.

ರಾಜ್ಯಗಳು ಹುದ್ದೆಗಳ ಸಂಖ್ಯೆಯನ್ನು ಅಧಿಸೂಚಿಸಿ, ಅರ್ಹರನ್ನು ಕಾಯಂ ಆಗಿ ನೇಮಿಸಬೇಕೆಂದು ಸುಪ್ರೀಂ ಕೋರ್ಟು ಅದೇ ಪ್ರಕರಣದಲ್ಲಿ 2025ರ ಮಾರ್ಚ್ 7ರಂದು ನಿರ್ದೇಶಿಸಿತು. ಗುತ್ತಿಗೆ ಆಧಾರದಲ್ಲಿ ವರ್ಷಗಳಿಂದ ದುಡಿಯುತ್ತಿರುವವರ ಅರ್ಹತೆ ಪರಿಶೀಲಿಸಲು ಸಮಿತಿ ರಚಿಸಬೇಕೆಂದೂ ಅದೇ ಆದೇಶ ಹೇಳಿತು.