ನೀರಿನ ಕೆಳಗಿರೋ ಊರಿಗೊಂದು ನಕಾಶೆ

ಇಂಜಿನಿಯರಿಂಗ್ ಹಾಸ್ಟೆಲ್ಲಿನ ನಾಲ್ಕು ವರ್ಷದಲ್ಲಿ ಏನು ಕಲಿತೆ ಅಂತ ಯಾರಾದರೂ ಕೇಳಿದರೆ, ನಿಜ ಹೇಳ್ತೀನಿ, ಒಂದು ಹಳೇ ಕಂಪ್ಯೂಟರ್ ಆಟದಿಂದ ಕಲಿತಷ್ಟು ಯಾವ ಸಬ್ಜೆಕ್ಟಿನಿಂದಲೂ ಕಲಿಯಲಿಲ್ಲ. (ಅಪ್ಪ ಇದನ್ನು ಓದೋದಿಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ :-) )

ಆಟದ ಹೆಸರು 'ಕಲಾಸಲ್ ಕೇವ್ ಅಡ್ವೆಂಚರ್'. ಚಿತ್ರ ಇಲ್ಲ, ಸದ್ದಿಲ್ಲ, ಪರದೆ ತುಂಬ ಬರೀ ಇಂಗ್ಲಿಷ್ ಅಕ್ಷರ. ನೀವೀಗ ಎಲ್ಲಿದ್ದೀರಿ, ಸುತ್ತ ಏನಿದೆ ಅಂತ ಅದು ಹೇಳುತ್ತೆ. ನೀವು ಒಂದೋ ಎರಡೋ ಪದ ಟೈಪ್ ಮಾಡಬೇಕು: ಉತ್ತರಕ್ಕೆ ಹೋಗು, ಕಂದೀಲು ತಗೋ, ಹಕ್ಕಿ ಹಿಡಿ. ಪೂರ್ತಿ ಗೆದ್ದರೆ 350 ಅಂಕ. ಬಸವನ ಬಾಗೇವಾಡಿಯಲ್ಲಿ ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಪಕ್ಕದಲ್ಲಿ ಡಿಕ್ಷನರಿ ಇಲ್ಲದೆ ಒಂದು ಹೆಜ್ಜೆಯೂ ಇಡೋಕೆ ಆಗ್ತಿರಲಿಲ್ಲ. ಇಂಗ್ಲಿಷ್ ಹೆದರಿಕೆ ಹೋಗಿದ್ದು ಆ ಗವಿಯೊಳಗೇ.

ಅದಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಅದರೊಳಗಿನ ಸುತ್ತುದಾರಿ. ಅಲ್ಲಿ ಎಲ್ಲ ಜಾಗವೂ ಒಂದೇ ಥರ ಕಾಣುತ್ತೆ. ಪೂರ್ವಕ್ಕೆ ಹೋಗಿ ಮತ್ತೆ ಪಶ್ಚಿಮಕ್ಕೆ ತಿರುಗಿದರೆ ಮೊದಲಿನ ಜಾಗಕ್ಕೇ ಬರ್ತೀರಿ ಅನ್ನೋ ಖಾತ್ರಿ ಇಲ್ಲ. ಇರೋದು ಒಂದೇ ಉಪಾಯ. ಕೈಯಲ್ಲಿರೋ ಸಾಮಾನನ್ನು ಒಂದೊಂದು ಕಡೆ ಗುರುತಿಗೆ ಬಿಟ್ಟು, ಎಂಟು ದಿಕ್ಕು, ಮೇಲೆ, ಕೆಳಗೆ, ಹೀಗೆ ನಮ್ಮ ಹಿರಿಯರು ಹೇಳೋ ಹತ್ತೂ ದಿಕ್ಕು ಪರೀಕ್ಷೆ ಮಾಡಿ ಹಾಳೆಯ ಮೇಲೆ ಗೆರೆ ಎಳೆಯೋದು. ದಾರಿ ಇಲ್ಲ ಅಂತ ಊಹೆ ಮಾಡಿಕೊಂಡು ಒಂದು ದಿಕ್ಕು ಬಿಟ್ಟಿರೋ, ಅಲ್ಲೇ ಸಿಕ್ಕಿಕೊಳ್ತೀರಿ.

ಈ ಆಟದ ಕಥೆಯೂ ನಕಾಶೆಯದ್ದೇ. ಬರೆದವನು ವಿಲ್ ಕ್ರೌದರ್. ಇಂಟರ್ನೆಟ್ಟಿನ ಮುತ್ಯಾ ಅನ್ನಬಹುದಾದ ಅರ್ಪಾನೆಟ್ಟಿಗೆ ಪ್ರೋಗ್ರಾಂ ಬರೆದವರಲ್ಲಿ ಒಬ್ಬ. ಅವನೂ ಹೆಂಡತಿ ಪ್ಯಾಟ್ರಿಷಿಯಾಳೂ ಅಮೆರಿಕದ ಕೆಂಟಕಿಯ ಗವಿಗಳಲ್ಲಿ ತೆವಳಿಕೊಂಡು ಹೋಗಿ ಅಳತೆ ಮಾಡಿ ನಕಾಶೆ ಮಾಡುತ್ತಿದ್ದರು. 1972ರಲ್ಲಿ ಫ್ಲಿಂಟ್ ರಿಡ್ಜ್ ಮತ್ತು ಮ್ಯಾಮತ್ ಗವಿಗಳು ಒಳಗೊಳಗೇ ಸೇರುತ್ತವೆ ಅಂತ ಕಂಡುಹಿಡಿದ ತಂಡದಲ್ಲಿ ಆಕೆ ಇದ್ದಳು. ಆಮೇಲೆ ಇಬ್ಬರೂ ಬೇರೆಯಾದರು. ಅವನ ಗವಿ ಓಡಾಟವೂ ನಿಂತುಹೋಯಿತು. 1975-76ರ ಸುಮಾರಿಗೆ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಆಡಲಿಕ್ಕೆ ಅಂತ ಫೋರ್ಟ್ರಾನಿನಲ್ಲಿ ಈ ಆಟ ಬರೆದ. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ಬೆಳೆಸಿದ. ಡೆನ್ನಿಸ್ ಜೆರ್ಜ್ ಅನ್ನೋ ಸಂಶೋಧಕ ನಿಜವಾದ ಗವಿಗೇ ಹೋಗಿ ಹೋಲಿಸಿ ನೋಡಿ, 2007ರಲ್ಲಿ ಲೇಖನ ಬರೆದ. ಆಟದ ದಾರಿಗಳು ಬಹಳಷ್ಟು ಗವಿಯ ದಾರಿಗಳೇ!

ಅಂದರೆ ತಾನು ಇನ್ನು ಹೋಗಲಾಗದ ಜಾಗವನ್ನು ಆತ ಮಕ್ಕಳಿಗೆ ಅಕ್ಷರದಲ್ಲಿ ಕಟ್ಟಿಕೊಟ್ಟ. ಇದನ್ನು ಓದಿದ ದಿನ ನನಗೆ ನಮ್ಮ ಆಯಿ ನೆನಪಾದಳು.

ಆಯಿಯ ಊರು ಕೃಷ್ಣಾ ಹೊಳೆದಂಡೆಯದ್ದು. ಆಲಮಟ್ಟಿ ಆಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ, ರಾಷ್ಟ್ರಪತಿ ಕಲಾಂ ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ನಡುವಿನ ನಲವತ್ತೆರಡು ವರ್ಷ ಹೊಳೆಸಾಲಿನ ಊರುಗಳ ಜನ "ಇವತ್ತೋ ನಾಳೆಯೋ" ಅಂತ ಬದುಕಿದರು. 519.60 ಮೀಟರಿನ ಮಟ್ಟಕ್ಕೆ ನೀರು ನಿಂತಾಗ ನಮ್ಮ ಊರು ಕೆಳಗೆ ಹೋಗಿತ್ತು. ನನಗೆ ನೆನಪು ಮೂಡೋ ಮೊದಲೇ ಮನೆಯವರು ಚದುರಿದ್ದರು. ಆಯಿ ಬಾಗೇವಾಡಿಗೆ, ದೊಡ್ಡವ್ವ ಇಂಡಿಗೆ, ಅತ್ತಿ ಮುದ್ದೇಬಿಹಾಳಕ್ಕೆ. (ಊರಿನ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.)

ಆಟದ ಹಾಗೇ ಶುರು ಮಾಡಿದೆ. "ಆಯಿ, ನೀ ಈಗ ಅಗಸಿ ಬಾಗಲಾಗ ನಿಂತೀದಿ. ಎಡಕ್ಕ ಏನೈತಿ?"

"ಹುಚ್ಚ ಹಿಡದೈತೇನೋ ತಮ್ಮಾ ನಿನಗ!" ಅಂದಳು. ಅರ್ಧ ಗಂಟೆಯಲ್ಲಿ ಚಾವಡಿ, ಹಣಮಪ್ಪನ ಗುಡಿ, ಜೋಳದ ಹಗೇವು, ಬೇವಿನ ಕಟ್ಟೆ, ಎಲ್ಲ ಹಾಳೆ ಮೇಲೆ ಬಂದವು.

ಇಂಡಿಗೆ ಹೋದಾಗ ದೊಡ್ಡವ್ವ ನಮ್ಮ ಮನೆಯ ಹಿತ್ತಲ ಬಾಗಿಲು ಸೇರಿಸಿದಳು. ಅದೇ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನ ಸಿಕ್ಕಿದೆ. ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆ, ದೂರದಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ, ಖರ್ಚಿಗೆ ಬಿಟ್ಟ ಭೂಮಿ, ಎಲ್ಲದರ ಲೆಕ್ಕ ಅದರಲ್ಲಿದೆ. ಆ ಶಾಲೆ ಹೋಗಿ ಎಷ್ಟೋ ಶತಮಾನ ಆಯಿತು. ಬರೆದಿಟ್ಟಿದ್ದಕ್ಕೆ ನಮಗೆ ಗೊತ್ತು, ಅಷ್ಟೇ.

ಮುದ್ದೇಬಿಹಾಳ ತಾಲೂಕಿನಲ್ಲಿ ತಂಗಡಗಿ ಇದೆ. ವಿಜಯನಗರ ಸೋತ 1565ರ ಯುದ್ಧಕ್ಕೆ ಕೆಲವರು ರಕ್ಕಸತಂಗಡಿ ಅಂತಾರೆ, ಕೆಲವರು ತಾಳಿಕೋಟೆ ಅಂತಾರೆ. ಸರಿಯಾಗಿ ಎಲ್ಲಿ ನಡೆಯಿತು ಅಂತ ಇನ್ನೂ ಚರ್ಚೆ. ರಾಜರ ಯುದ್ಧದ ಪಾಡೇ ಹೀಗಾದರೆ ನಮ್ಮ ಓಣಿಯ ಗತಿ ಏನು? ಅತ್ತಿಯೂ ಆಯಿಯೂ ಬಾವಿಯ ಜಾಗದ ಮೇಲೆ ಫೋನಿನಲ್ಲೇ ಜಗಳ ಮಾಡಿದರು :-)

ಆದರೆ ಮೂವರೂ ಒಪ್ಪಿದ ಮಾತು ಒಂದಿತ್ತು. ಊರಿನ ತೆಂಕಣ ದಿಕ್ಕಿಗೆ ಏನೂ ಇಲ್ಲ. "ಆ ಕಡೆ ದಾರೀನ ಇಲ್ಲೋ," ಅಂದಿದ್ದಳು ಆಯಿ.

ಅದೇ ಊರಿಂದ ಸಿಂದಗಿಗೆ ಹೋಗಿ ನೆಲೆಸಿದ ಹಿರಿಯರೊಬ್ಬರು ಇದ್ದಾರೆ ಅಂತ ತಿಳಿದು ಹುಡುಕಿಕೊಂಡು ಹೋದೆ. ನಾನು ಹಾಳೆ ಬಿಚ್ಚಿದೆ. ಅವರು ಬಹಳ ಹೊತ್ತು ನೋಡಿ, ತೆಂಕಣದ ಖಾಲಿ ಜಾಗದ ಮೇಲೆ ಬೆರಳಿಟ್ಟು ಹೇಳಿದರು: "ಇಲ್ಲಿ ನಮ್ಮ ಕೇರಿ ಇತ್ರೀ. ಮೂವತ್ತು ಮನಿ."

ಏನು ಹೇಳಬೇಕೋ ತೋಚಲಿಲ್ಲ. ಪೆನ್ನು ಕೊಟ್ಟೆ. ಅವರೇ ಬರೆದರು. ಕೇರಿಯ ಬಾವಿ ಬೇರೆ, ಹೊಳೆಗೆ ಇಳಿಯೋ ದಾರಿ ಬೇರೆ. ದಾರಿ ಇತ್ತು. ನಮ್ಮವರು ಆ ಕಡೆ ಹೆಜ್ಜೆ ಇಟ್ಟಿರಲಿಲ್ಲ ಅಷ್ಟೇ. ಬಸವಣ್ಣ ಹುಟ್ಟಿದ ಬಾಗೇವಾಡಿಯಲ್ಲಿ ಓದಿದ ನನಗೂ "ಆ ದಿಕ್ಕಿಗೆ ಯಾಕಿಲ್ಲ?" ಅಂತ ಕೇಳಬೇಕು ಅನಿಸಿದ್ದು ಗವಿಯ ಆಟ ಆಡಿದ ಅಭ್ಯಾಸದಿಂದ. ನಾಚಿಕೆಯ ಮಾತೇ.

ವಾಪಸ್ ಬಂದು ಆಯಿಗೆ ತೋರಿಸಿದೆ. ಸುಮ್ಮನೆ ನೋಡಿದಳು. "ಹೌದು, ಇತ್ತು," ಅಂದಳು. ಸ್ವಲ್ಪ ಹೊತ್ತಿನ ಮೇಲೆ, ಆ ಕೇರಿಯ ಒಬ್ಬ ಹೆಂಗಸಿನ ಹೆಸರು ತಾನಾಗೇ ಹೇಳಿ, "ನಮ್ಮ ಹೊಲಕ್ಕ ಕಳೇವಕ್ಕ ಬರ್ತಿದ್ಲು. ಅದನ್ನೂ ಬರಕೋ," ಅಂದಳು.

ಆ ಆಟದಲ್ಲಿ ಕಂದೀಲಿನ ಬ್ಯಾಟರಿ ಇಷ್ಟೇ ಹೆಜ್ಜೆಗೆ ಅಂತ ಲೆಕ್ಕ ಇರುತ್ತೆ. ಅದು ಆರೋದರೊಳಗೆ ನೋಡಿಕೊಂಡಿದ್ದೇ ಬಂತು. ಇಂಡಿಯ ದೊಡ್ಡವ್ವ ಹೋದ ವರ್ಷ ತೀರಿಕೊಂಡಳು. ಅವಳು ಹೇಳಿದ ಹಿತ್ತಲ ಬಾಗಿಲು ಈಗ ನನ್ನ ಹಾಳೆಯಲ್ಲಿ ಮಾತ್ರ ಇದೆ.

ನಿಮ್ಮದೂ ಮುಳುಗಿದ ಊರಾಗಿದ್ದರೆ, ಈ ಭಾನುವಾರ ಒಂದು ಹಾಳೆ ಹಿಡಿದು ಮನೆಯ ಹಿರಿಯರ ಮುಂದೆ ಕೂತುಕೊಳ್ಳಿ. ಹತ್ತೂ ದಿಕ್ಕು ಕೇಳಿ. ಏನೂ ಇಲ್ಲ ಅಂದ ದಿಕ್ಕಿನ ಬಗ್ಗೆ ಇನ್ನೊಬ್ಬರನ್ನೂ ಕೇಳಿ.