ಕಾತ್ರಜದ ಕಾಲುವೆ, ಟ್ರ್ಯಾಕ್ಟರಿನ ಡೈನಮೊ

1750ರ ಸುಮಾರಿಗೆ ಪೇಶ್ವೆ ನಾನಾಸಾಹೇಬ ಕಾತ್ರಜದಲ್ಲಿ ಒಡ್ಡು ಹಾಕಿಸಿ, ನೆಲದಡಿಯ ಕಲ್ಲುಗಾರೆಯ ಕಾಲುವೆಯಲ್ಲಿ ಪುಣೆಗೆ ನೀರು ತರಿಸಿದ. ನೀರು ಹರಿದದ್ದು ಇಳಿಜಾರಿನ ಬಲದಿಂದಲೇ. ದಾರಿಯುದ್ದಕ್ಕೂ ‘ಉಚ್ಛ್ವಾಸ’ ಎಂಬ ಗಾಳಿಗಂಡಿಗಳು, ಕೊನೆಗೆ ಪೇಟೆಯೊಳಗಿನ ಹೌದಗಳು. ಹೌದ ಬತ್ತಿದರೆ ಹೌದವನ್ನೇ ಒಡೆದು ಕಟ್ಟಬೇಕಿಲ್ಲ. ನೀರು ಎಲ್ಲಿಯವರೆಗೆ ಬಂದಿದೆ ಎಂದು ಒಂದೊಂದೇ ಗಂಡಿಯಲ್ಲಿ ಇಣುಕಿದರೆ ಸಾಕು.

ಇದೇ ಕಾತ್ರಜದ ಘಾಟಿ ಹತ್ತಿ ಪುಣೆ–ಬೆಂಗಳೂರು ಹಳೆಯ ರಸ್ತೆ ದಕ್ಷಿಣಕ್ಕೆ ಸಾಗುತ್ತದೆ. ಆ ದಿಕ್ಕಿನ ಕಬ್ಬಿನ ಸೀಮೆಯಲ್ಲಿ ಹಳೆಯ ಟ್ರ್ಯಾಕ್ಟರಿನ ಬ್ಯಾಟರಿ ಇಳಿದಾಗ ಬಹುಪಾಲು ಜನ ಮೊದಲು ಮಾಡುವುದು ಹೌದ ಒಡೆಯುವ ಕೆಲಸವನ್ನೇ: ಹೊಸ ಬ್ಯಾಟರಿ ತರುತ್ತಾರೆ. ಅದೂ ನಾಲ್ಕು ದಿನಕ್ಕೆ ಇಳಿಯುತ್ತದೆ. ಡೀಸೆಲ್ ಎಂಜಿನ್ನಿಗೆ ಓಡಲು ಕಿಡಿ ಬೇಡವಾದ್ದರಿಂದ ಹಗಲೆಲ್ಲ ಈ ದೋಷ ಕಾಣುವುದಿಲ್ಲ. ಕತ್ತಲಾದ ಮೇಲೆ ದೀಪವಿಲ್ಲದ ಟ್ರೇಲರು ರಸ್ತೆಯಲ್ಲಿ ನಿಂತಿರುತ್ತದೆ. ಹಿಂದಿನಿಂದ ಬರುವ ಬೈಕಿನವನಿಗೆ ಅದು ಕಾಣುವುದಿಲ್ಲ.

ಐಷರ್ ಕಂಪನಿ 1959ರಲ್ಲಿ ಫರೀದಾಬಾದಿನಲ್ಲಿ ಟ್ರ್ಯಾಕ್ಟರ್ ತಯಾರಿ ಆರಂಭಿಸಿತು. ಆ ಕಾಲದ ಹಲವು ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿ ತುಂಬುತ್ತಿದ್ದುದು ಡೈನಮೊ. ಅದರ ಮೂಲತತ್ತ್ವವನ್ನು 1867ರ ಜನವರಿಯಲ್ಲಿ ವೆರ್ನರ್ ಸೀಮೆನ್ಸ್‌ನ ಪ್ರಬಂಧ ಬರ್ಲಿನ್ನಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟಿತ್ತು. ಕಬ್ಬಿಣ ತನ್ನೊಳಗೆ ಉಳಿಸಿಕೊಂಡ ಚೂರು ಕಾಂತಗುಣದಿಂದ ಮೊದಲ ಹನಿ ವಿದ್ಯುತ್ ಹುಟ್ಟುತ್ತದೆ. ಆ ಹನಿ ಕಾಂತವನ್ನು ಬಲಗೊಳಿಸುತ್ತದೆ, ಬಲಗೊಂಡ ಕಾಂತ ಮತ್ತಷ್ಟು ವಿದ್ಯುತ್ ಕೊಡುತ್ತದೆ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಡೈನಮೊ ಆ ಚೂರನ್ನೂ ಕಳೆದುಕೊಂಡಿರಬಹುದು.

ಹಾಗಾಗಿ ಇಲ್ಲಿಯೂ ಗಂಡಿಗಳನ್ನು ಇಣುಕಬೇಕು. 12 ವೋಲ್ಟಿನ ಆರೋಗ್ಯವಂತ ಬ್ಯಾಟರಿ ತುಂಬಿದಾಗ, ಎಂಜಿನ್ ನಿಂತಿರುವಾಗ, ಮೀಟರು ಸುಮಾರು 12.6 ತೋರಬೇಕು, ಎಂಜಿನ್ ವೇಗವಾಗಿ ಓಡುವಾಗ 14ರ ಆಸುಪಾಸು. ಏರದಿದ್ದರೆ ಮೊದಲು ಬೆಲ್ಟಿನ ಬಿಗಿ, ತುಕ್ಕು ಹಿಡಿದ ಅರ್ಥ್ ತಂತಿ, ಸವೆದ ಕಾರ್ಬನ್ ಬ್ರಷ್ ನೋಡಬೇಕು. ನಂತರ, ಲೂಕಾಸ್ ಮಾದರಿಯ ಡೈನಮೊ ಆದರೆ, ಡಿ ಮತ್ತು ಎಫ್ ತಂತಿಗಳನ್ನು ಬಿಚ್ಚಿ, ಆ ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸಿ, ಅಲ್ಲಿಂದ ಅರ್ಥಿಗೆ ಮೀಟರು ಹಿಡಿಯಬೇಕು. ಎಂಜಿನ್ನಿನ ವೇಗವನ್ನು ಮೆಲ್ಲಗೆ ಹೆಚ್ಚಿಸುತ್ತ ಹೋದರೆ ಮುಳ್ಳು ಸರಾಗವಾಗಿ ಏರಬೇಕು, 20 ದಾಟಗೊಡಬಾರದು. ಏರಿದರೆ ಡೈನಮೊ ಸರಿಯಿದೆ, ದೋಷ ಮುಂದಿನ ಕಟೌಟ್–ರೆಗ್ಯುಲೇಟರ್ ಡಬ್ಬಿಯಲ್ಲೋ ಅದರ ತಂತಿಯಲ್ಲೋ ಇದೆ. ಒಂದು ವೋಲ್ಟಿನ ಹತ್ತಿರವೇ ನಿಂತರೆ ಕಬ್ಬಿಣದ ಕಾಂತ ಉಳಿದಿದೆ, ಫೀಲ್ಡ್ ಕಾಯಿಲು ಕೆಲಸ ಮಾಡುತ್ತಿಲ್ಲ. ಏನೂ ಇಲ್ಲವೆಂದರೆ ಬ್ರಷ್ ಕೂತಿರುವುದನ್ನು ಇನ್ನೊಮ್ಮೆ ನೋಡಿ, ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಅರ್ಥ್ ಅಲ್ಲದ ತುದಿಯಿಂದ ತಂದ ತಂತಿಯನ್ನು ಎಫ್‌ಗೆ ಕ್ಷಣಕಾಲ ತಾಗಿಸಿದರೆ ಕಳೆದ ಕಾಂತ ಮರಳಬಹುದು.

ಸಿಲಿಕಾನ್ ಡಯೋಡು ಅಗ್ಗವಾದಂತೆ ಆಲ್ಟರ್ನೇಟರು ಡೈನಮೊದ ಜಾಗಕ್ಕೆ ಬಂತು. ಅದಕ್ಕೆ ಈ ತಂತಿ ತಾಗಿಸುವ ಮದ್ದು ಹೊಂದುವುದಿಲ್ಲ. ಎಂಜಿನ್ ಓಡುವಾಗ ಬ್ಯಾಟರಿ ತಂತಿ ಬಿಚ್ಚಿದರೂ ಡಯೋಡು ಸುಡಬಹುದು. ಯಂತ್ರ ಬದಲಾದಾಗ ಮದ್ದು ಬದಲಾಯಿತು. ಹೌದಕ್ಕೆ ಕೈಹಾಕುವ ಮೊದಲು ಕಾಲುವೆ ನೋಡುವ ಕ್ರಮ ಮಾತ್ರ ಹಾಗೇ ಇದೆ.