ಮೇ ಫ್ಲವರ್ ಕಡಿದು ರೆಂಜೆ ನೆಟ್ಟದ್ದು

ಮೊನ್ನೆಯ ಗಾಳಿಮಳೆಗೆ ನಮ್ಮ ಮೇ ಫ್ಲವರ್ ಮರದ ಗೆಲ್ಲು ಹಟ್ಟಿಯ ಹಂಚಿನ ಮೇಲೆ ಬಿತ್ತು. ದನಗಳಿಗೆ ಏನೂ ಆಗಲಿಲ್ಲ, ಪುಣ್ಯ. ಬೆಂಗಳೂರಲ್ಲಿ ನೋಡಿ ಆಸೆಪಟ್ಟು ನೆಟ್ಟದ್ದು ನಾನೇ.

ಇದರ ಮೂಲ ಮಡಗಾಸ್ಕರ್. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸುವಾಗ, ಒಂದರ ಹೂ ಮುಗಿಯುವಾಗ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿದ್ದರು. ಅದು ಆ ಊರಿನ ಲೆಕ್ಕ.

ರಾಮಕುಂಜದ್ದು ಬೇರೆ. ಮಳೆಗಾಲದ ಗಾಳಿ ತಡೆಯಬೇಕು, ಮಾರ್ಚಿನ ಸೆಕೆಗೆ ನೆರಳು ಬೇಕು, ಅಡಿಕೆ ಅಂಗಳಕ್ಕೆ ಬಿಸಿಲೂ ಬೇಕು. ಮೇ ಫ್ಲವರ್ ಬೇಸಿಗೆಯಲ್ಲಿ ಎಲೆಯನ್ನೇ ಉದುರಿಸುತ್ತದೆ. ರೆಂಜೆ ನಿತ್ಯ ಹಸಿರು, ಮರ ಗಟ್ಟಿ, ಹೂ ಒಣಗಿದರೂ ಪರಿಮಳ. ಬೆಳೆಯುವುದು ಮಾತ್ರ ನಿಧಾನ.

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವ ಕಾರಣ ಅಂಗಳದ ಉತ್ತರಕ್ಕೆ ಎರಡು ಗಿಡ ನೆಟ್ಟಿದ್ದೇನೆ. ನೆರಳು ಮೊಮ್ಮಕ್ಕಳಿಗಾದರೂ ಸಿಗಲಿ. ನಿಮ್ಮಲ್ಲಿ ಯಾವ ಮರ ಉಂಟು, ಹೇಳಿ.